ಜಿಗಿದವ್ರಷ್ಟ ಉಳಕೊಂಡ್ರು

ಬೆಳಗಾವಿ ಮಳಿ ಇವತ್ತೂ ಬಿಡಲಿಲ್ಲ, ತೊಯ್ಸಿಕೊಂಡ ಲ್ಯಾಬಿಗೆ ಹೋದೆ, ಯಾಕಂದ್ರ ಎಲ್1 ಅನ್ನೂ ಜಿಗಿಯೂ ಜೀನ್ (ತನ್ನ ನಕಲು ಮಾಡಿ ಡಿಎನ್‌ಎದಾಗ ಬ್ಯಾರೆ ಕಡೆ ಹೊಕ್ಕೊಳ್ಳೂ ತುಂಡು) ಸೇರಿಸಿ, 12 ದಿನದಿಂದ ಸೆಲ್ ಕೊಲ್ಲೂ ಜಿ418 ಔಷಧ ಹಾಕಿ ಕಾಯಕತ್ತಿದ್ದ ಹೀಲಾ ಸೆಲ್ (ಲ್ಯಾಬಿನ್ಯಾಗ ಬೆಳಸೂ ಮನಷ್ಯಾನ ಸೆಲ್) ಪ್ಲೇಟಿಗೆ ಬಣ್ಣ ಹಾಕೂದಿತ್ತು. ಇಂಕ್ ಪೆನ್ನು ಝಾಡಿಸಿದಂಗ ಸಣ್ಣ ಸಣ್ಣ ನೀಲಿ ಚುಕ್ಕಿ, ಒಂದೊಂದು ಚುಕ್ಕಿ ಅಂದ್ರ ಬದುಕಿದ ಸೆಲ್ಲಿನ ಒಂದೊಂದು ಗುಂಪು. ಎಣಿಸಿದೆ, 43. ಬಾಜೂ ಪ್ಲೇಟಿಗೆ ಆರ್‌ಎನ್‌ಎದಿಂದ ಡಿಎನ್‌ಎ ಮಾಡೂ ಎಲ್1ದ ಕಿಣ್ವ ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ಕೆಡಿಸಿದ ಪ್ಲಾಸ್ಮಿಡ್ (ಸೆಲ್ಲಿನೊಳಗ ಜೀನ್ ಒಯ್ಯೂ ಡಿಎನ್‌ಎ ಉಂಗುರ) ಹಾಕಿದ್ದೆ, ಅದರಾಗ ಒಂದೂ ಇಲ್ಲ. ಖುಷಿ ಆತು ಖರೇ.

ಈ ಪ್ಲಾಸ್ಮಿಡ್ ಕಟ್ಟಿದವ್ರ ತಲಿ ನೋಡ್ರಿ, 1996ರಾಗಿನ ಐಡಿಯಾ ಇದು. ಎಲ್1 ಬಾಲಕ್ಕ ಔಷಧ ತಡಕೊಳ್ಳೂ ನಿಯೋ ಜೀನ್ ಉಲ್ಟಾ ಕೂಡ್ಸ್ಯಾರ, ಅದರ ನಡುವ ಒಂದು ಇಂಟ್ರಾನ್ (ಆರ್‌ಎನ್‌ಎದಾಗಿಂದ ಕತ್ತರಿಸಿ ತಗಿಯೂ ತುಂಡು) ಅಡ್ಡ ಇಟ್ಟಾರ. ಎಲ್1 ಆರ್‌ಎನ್‌ಎ ಆಗಿ, ಇಂಟ್ರಾನ್ ಕತ್ತರಿಸಿ ಹೋಗಿ, ತಿರಗಿ ಡಿಎನ್‌ಎ ಆಗಿ ಕ್ರೋಮೋಸೋಮಿನ್ಯಾಗ ಎಲ್ಲರೆ ಹೊಕ್ಕೊಂಡ್ರಷ್ಟ ನಿಯೋ ಕೆಲಸ ಮಾಡ್ತೈತಿ, ಸೆಲ್ ಬದುಕತೈತಿ. ಇಲ್ಲಂದ್ರ ಖಲಾಸ್.

ರಾತ್ರಿ ಅವ್ವಗ ಫೋನಿನ್ಯಾಗ ಹೇಳಿದೆ, ನಮ್ಮ ಡಿಎನ್‌ಎದಾಗ ಸುಮಾರು ಶೇ 17 ಇದ ಎಲ್1 ಐತಿ, ಬಹಳಷ್ಟು ತುಂಡಾಗಿ ಬಿದ್ದಾವ, ಜಿಗಿಯೂವು ಒಂದು 80-100 ಅಷ್ಟ ಅಂತ. "ನಿಮ್ಮಜ್ಜ ಅಟ್ಟದ ಮ್ಯಾಲೆ ಮುರಕ ಸಾಮಾನ ಒಟ್ಟಿದಂಗ ಆತಲ್ಲ" ಅಂದ್ಲು. ಹಂಗಾರ ನನ್ನ ಮೈಯ್ಯಾಗೂ ಈಗ ಯಾವುದರೆ ಒಂದು ಜಿಗಿಯಾಕ ಕುಂತೈತೇನೋ ಅನಿಸ್ತು. ಜಿಗಿಯೂ ಜೀನ್ ಮೊದಲ ಸಿಕ್ಕಿದ್ದು ಗೋವಿನಜೋಳದಾಗ, ಬಾರ್ಬರಾ ಮೆಕ್‌ಕ್ಲಿಂಟಾಕ್ ಅನ್ನೂವ್ರಿಗೆ 1983ರಾಗ ನೊಬೆಲ್ ಬಂತು ಅಂತ ಶುರು ಮಾಡಿದೆ. ಗೋವಿನಜೋಳ ಅಂದಕೂಡ್ಲೆ ಮಾತು ಈ ಸಲದ ರೇಟಿಗೆ ಹೋತು.

ಮೂರನೇ ಪ್ಲೇಟ್ ಇನ್ನೂ ಎಣಿಸೂದೈತಿ.