ಕೆರೆಯ ತಳದಲ್ಲಿ ಎಂಟು ಹೆಂಚು

ಅಂಡಮಾನಿಗೆ ಹೋಗುವುದು ಅಂತ ತೀರ್ಮಾನ ಆದ ದಿನವೇ ಸೋದರಮಾವನಿಗೆ ಫೋನ್ ಮಾಡಿದೆ. ಮಾವ ನೌಕಾಪಡೆಯಲ್ಲಿದ್ದು ನಿವೃತ್ತರಾದವರು. ಸಮುದ್ರದ ವಿಷಯ ಬಂದರೆ ನಮ್ಮ ಮನೆಯಲ್ಲಿ ಎಲ್ಲರೂ ಅವರನ್ನೇ ಕೇಳುವುದು.

‘ಸ್ನಾರ್ಕ್ಲಿಂಗ್ ಮಾಡ್ಬೇಕು ಅಂತ ಆಸೆ ಮಾವ’ ಅಂದೆ. ಮಾಸ್ಕ್ ಹಾಕಿ, ಕೊಳವೆಯಲ್ಲಿ ಉಸಿರಾಡುತ್ತಾ, ಮುಖ ನೀರಲ್ಲಿಟ್ಟು ತೇಲುತ್ತಾ ಕೆಳಗಿನ ಹವಳ, ಮೀನು ನೋಡುವುದು ಅದು.

‘ಈಜು ಬರುತ್ತಾ?’

‘ಸ್ವಲ್ಪ ಬರುತ್ತೆ.’

‘ಸ್ವಲ್ಪ ಬರೋರೇ ನೀರಲ್ಲಿ ಜಾಸ್ತಿ ಗಾಬರಿ ಬೀಳೋದು. ಭಾನುವಾರ ತೋಟಕ್ಕೆ ಬಾ’ ಅಂದರು.

ಹುತ್ತರಿ ಹಬ್ಬ ಮುಗಿದು ಒಂದು ವಾರ ಆಗಿತ್ತು. ರೊಬಸ್ಟಾ ಕಾಫಿ ಕೊಯ್ಲಿಗೆ ಇನ್ನೂ ಸಮಯ ಇತ್ತು. ಪೊನ್ನಂಪೇಟೆ ಹತ್ತಿರದ ಅವರ ತೋಟಕ್ಕೆ ಹೋದಾಗ ಇಬ್ಬನಿ ಇನ್ನೂ ಪೂರ್ತಿ ಆರಿರಲಿಲ್ಲ. ಬಿಸಿಲು ಏರಲಿ ಅಂತ ಹನ್ನೊಂದು ಗಂಟೆವರೆಗೆ ಕಾದೆವು. ಡಿಸೆಂಬರ್ ಬೆಳಿಗ್ಗೆ ಕೊಡಗಿನ ಕೆರೆಗೆ ಇಳಿದರೆ ಚಳಿಗೇ ಉಸಿರು ಹಿಡಿದುಕೊಳ್ಳುತ್ತೆ.

ತೋಟದ ಕೆರೆ ಹುಡುಗಾಟದ ಜಾಗ ಅಲ್ಲ. ಹೂ ಅರಳಿಸುವ ಹೂಮಳೆ ಕೈಕೊಟ್ಟರೆ ಕಾಫಿಗೆ ಸ್ಪ್ರಿಂಕ್ಲರ್ ಹಾಕಲು ತೋಡಿಸಿದ್ದು ಅದು. ದಂಡೆ ಜಾರುತ್ತೆ, ನಾಲ್ಕು ಹೆಜ್ಜೆ ಆಚೆಗೆ ಆಳ. ಮಾವ ದಂಡೆಯ ಸಿಲ್ವರ್ ಓಕ್ ಮರಕ್ಕೆ ಹಗ್ಗ ಬಿಗಿದು, ಅದರ ತುದಿಗೆ ಟ್ರ್ಯಾಕ್ಟರ್ ಟ್ಯೂಬ್ ಕಟ್ಟಿ ನೀರಿಗೆ ಬಿಟ್ಟಿದ್ದರು. ಎದೆಮಟ್ಟ ನೀರಿರುವ ಮೂಲೆ ಬಿಟ್ಟು ಆಚೆ ಹೋಗಬಾರದು. ನಾನು ನೀರಲ್ಲಿದ್ದಷ್ಟು ಹೊತ್ತೂ ಅವರ ಕೈ ಹಗ್ಗದ ಮೇಲೇ ಇತ್ತು.

ಮೊದಲು ಮಾಸ್ಕ್. ಪಟ್ಟಿ ಹಾಕದೆ ಸುಮ್ನೆ ಮುಖಕ್ಕೆ ಒತ್ತಿ, ಮೂಗಿನಿಂದ ಸ್ವಲ್ಪ ಉಸಿರು ಎಳೆಯಬೇಕು. ಕೈ ಬಿಟ್ಟರೂ ಅಂಟಿಕೊಂಡು ನಿಂತರೆ ಅದು ನಮ್ಮ ಮುಖದ ಅಳತೆಯದ್ದು. ನನ್ನದು ಬಿತ್ತು. ಹಣೆಯ ಹತ್ತಿರ ಮೂರು ಕೂದಲು ಸಿಕ್ಕಿಕೊಂಡಿದ್ದವು, ಅಷ್ಟೇ. ಕೂದಲು ಹಿಂದೆ ಸರಿಸಿದ ಮೇಲೆ ನಿಂತಿತು. ಗಾಜಿನ ಒಳಗೆ ಎಂಜಲು ಹಚ್ಚಿ ಉಜ್ಜಿ, ನೀರಲ್ಲಿ ಒಮ್ಮೆ ಅದ್ದಿದರೆ ಮಂಜು ಹಿಡಿಯುವುದಿಲ್ಲ. ನೀರು ಸೋರುತ್ತೆ ಅಂತ ಪಟ್ಟಿ ಬಿಗಿ ಮಾಡಿದರೆ ಇನ್ನೂ ಸೋರುತ್ತೆ.

ಆಮೇಲೆ ಕೊಳವೆ. ಮುಖ ನೀರಲ್ಲಿಟ್ಟು ಬಾಯಿಂದ ಉದ್ದಕ್ಕೆ, ನಿಧಾನಕ್ಕೆ ಉಸಿರಾಡಬೇಕು. ಅಲೆ ಬಂದರೆ ಕೊಳವೆಗೆ ನೀರು ನುಗ್ಗೇ ನುಗ್ಗುತ್ತೆ. ‘ಅಜ್ಜಿ ಊದುಗೊಳವೆಯಲ್ಲಿ ಒಲೆ ಊದಿದ ಹಾಗೆ ಮೆಲ್ಲಗೆ ಅಲ್ಲ. ಒಂದೇ ಸಲ, ಜೋರಾಗಿ’ ಅಂದರು ಮಾವ. ಊದಿದ ಮೇಲಿನ ಮೊದಲ ಉಸಿರನ್ನು ಮಾತ್ರ ಹುಷಾರಾಗಿ ಎಳೆಯಬೇಕು, ತಳದಲ್ಲಿ ಇನ್ನೂ ಒಂದು ಗುಟುಕು ನೀರು ಉಳಿದಿರುತ್ತೆ. ಮೂರನೇ ಸಲಕ್ಕೆ ನನಗೆ ಅದು ಹಿಡಿತಕ್ಕೆ ಬಂತು.

ಇಷ್ಟನ್ನು ಯಾರಾದರೂ ಕಲಿಸುತ್ತಾರೆ. ಆದರೆ ಆಮೇಲೆ ಮಾವ ಮಾಡಿದ್ದನ್ನು ನಾನು ಬೇರೆಲ್ಲೂ ನೋಡಿಲ್ಲ. ದನದ ಕೊಟ್ಟಿಗೆ ಹಿಂದೆ ರಾಶಿ ಹಾಕಿದ್ದ ಹಳೇ ಮಂಗಳೂರು ಹೆಂಚುಗಳಲ್ಲಿ ಎಂಟು ತಂದು, ನೀರಿಗಿಳಿದು, ಎರಡೆರಡನ್ನು ಒಂದಕ್ಕೊಂದು ಆನಿಸಿ ತಳದಲ್ಲಿ ನಿಲ್ಲಿಸಿದರು.

‘ಇದು ಹವಳ ಅಂದ್ಕೋ. ನೀರು ಕುಡಿದ್ರೂ, ಕೆಮ್ಮು ಬಂದ್ರೂ, ಹೆದರಿಕೆ ಆದ್ರೂ ಕಾಲು ಊರಬಾರದು. ಒಂದು ಹೆಂಚೂ ಬೀಳಬಾರದು.’

ಮೊದಲ ಸಲ ಐದು ಬಿದ್ದವು. ಕೊಳವೆಗೆ ನೀರು ಬಂದ ಕೂಡಲೇ ಯೋಚನೆ ಮಾಡುವ ಮೊದಲೇ ಕಾಲು ಕೆಳಗೆ ಹೋಗಿತ್ತು. ನೆಲ ಸಿಗುತ್ತೆ ಅಂತ ಗೊತ್ತಿದ್ದರೆ ಮೈ ನೆಲವನ್ನೇ ಹುಡುಕುತ್ತೆ, ಅಲ್ವಾ? ಎರಡನೇ ಸಲ ಬಿದ್ದದ್ದು ಎರಡು. ಆದರೆ ನನ್ನ ಕಾಲಿಗೆ ಹಾಕಿದ್ದ ಫಿನ್, ಅಂದರೆ ಈಜುರೆಕ್ಕೆಯ ಹೊಡೆತಕ್ಕೆ ತಳದ ಕೆಸರು ಎದ್ದು ಏನೂ ಕಾಣದಾಯಿತು. ‘ಈ ಕೆಸರು ಕೂತ್ರೂ ಹವಳಕ್ಕೆ ಉಸಿರು ಕಟ್ಟುತ್ತೆ. ಮೊಣಕಾಲು ಮಡಚಿ ಸೈಕಲ್ ತುಳೀಬೇಡ. ಸೊಂಟದಿಂದ ಕಾಲು ಆಡಿಸು, ಮೆಲ್ಲಗೆ’ ಅಂದರು.

ಬೆದರಿದರೆ ಮಾಡಬೇಕಾದ್ದು ಒಂದೇ. ಕೊಳವೆ ಉಗಿದು, ಅಂಗಾತ ತಿರುಗಿ, ಮೊಣಕಾಲನ್ನು ಹೊಟ್ಟೆಯ ಕಡೆ ಎಳೆದುಕೊಂಡು ಲೈಫ್ ಜಾಕೆಟ್ ಮೇಲೆ ಒರಗಿಬಿಡುವುದು. ಜೀವ ಉಳಿಸುವುದೂ ಅದೇ, ಹವಳ ಉಳಿಸುವುದೂ ಅದೇ. ಸಂಜೆ ನಾಲ್ಕರ ಹೊತ್ತಿಗೆ ಎಂಟೂ ಹೆಂಚು ನಿಂತೇ ಇದ್ದವು. ನನ್ನ ಬೆರಳ ತುದಿ ಒಣದ್ರಾಕ್ಷಿ ಹಾಗೆ ಸುಕ್ಕಾಗಿತ್ತು.

ದಂಡೆಯಲ್ಲಿ ಕೂತು ಬೆಲ್ಲದ ಕಾಫಿ ಕುಡಿಯುವಾಗ ಮಾವ ಹೇಳಿದ್ದು ಇನ್ನೂ ನೆನಪಿದೆ. ಹವಳ ಕಲ್ಲಲ್ಲ, ಗಿಡವೂ ಅಲ್ಲ, ಪ್ರಾಣಿ. ಸಾವಿರಾರು ಸಣ್ಣ ಜೀವಗಳು ಸೇರಿ ಸುಣ್ಣದ ಮನೆ ಕಟ್ಟಿಕೊಂಡು ಬದುಕುತ್ತವೆ. ಅವುಗಳ ಮೈಯೊಳಗೆ ಪಾಚಿ ಇರುತ್ತೆ. ಪಾಚಿ ಬಿಸಿಲಲ್ಲಿ ಊಟ ತಯಾರಿಸಿ ಕೊಡುತ್ತೆ, ಹವಳ ಅದಕ್ಕೆ ಜಾಗ ಕೊಡುತ್ತೆ. ಗುಂಡಗಿನ ಹವಳ ವರ್ಷಕ್ಕೆ ಬೆಳೆಯುವುದು ಹೆಚ್ಚೆಂದರೆ ಒಂದೆರಡು ಸೆಂಟಿಮೀಟರ್. ‘ಕಾಫಿ ಕೊಯ್ಯೋ ಬುಟ್ಟಿಯಷ್ಟು ದಪ್ಪ ಇದ್ರೆ, ಅದು ಈ ಸಿಲ್ವರ್ ಓಕಿಗಿಂತ ಹಳೇದಿರಬಹುದು’ ಅಂದರು. ನಾನು ತಲೆ ಎತ್ತಿ ಮರ ನೋಡಿದೆ. ಮೆಣಸಿನ ಬಳ್ಳಿ ಅದರ ತುದಿಯವರೆಗೆ ಹಬ್ಬಿತ್ತು.

ಡಿಸೆಂಬರ್ ಕೊನೆಗೆ ಸ್ವರಾಜ್ ದ್ವೀಪ ತಲುಪಿದೆವು, ಮೊದಲು ಹ್ಯಾವ್‌ಲಾಕ್ ಅಂತಿದ್ದರಲ್ಲ, ಅದು. ಅಲ್ಲಿಂದ ದೋಣಿಯಲ್ಲಿ ಎಲಿಫೆಂಟ್ ಬೀಚ್. ಕೊಟ್ಟ ಲೈಫ್ ಜಾಕೆಟಿನ ಒಂದು ಕ್ಲಿಪ್ ಮುರಿದಿತ್ತು. ‘ಪರವಾಗಿಲ್ಲ ಮೇಡಂ, ಗಂಟು ಹಾಕ್ತೀನಿ’ ಅಂದ ಹುಡುಗ. ನಾನು ಒಪ್ಪಲಿಲ್ಲ, ಬೇರೆಯದು ಕೊಡುವವರೆಗೂ ನೀರಿಗೆ ಇಳಿಯಲಿಲ್ಲ. ನೀವೂ ಸಂಕೋಚ ಪಡಬೇಡಿ. ಸನ್‌ಸ್ಕ್ರೀನ್ ಬದಲು ಉದ್ದ ತೋಳಿನ ಅಂಗಿ ಹಾಕಿದ್ದೆ. ಆಕ್ಸಿಬೆನ್ಜೋನ್ ಮತ್ತು ಆಕ್ಟಿನಾಕ್ಸೇಟ್ ಅನ್ನುವ ರಾಸಾಯನಿಕ ಇರುವ ಸನ್‌ಸ್ಕ್ರೀನ್‌ಗಳು ಹವಳಕ್ಕೆ ಕೆಟ್ಟದು ಅಂತ ಹವಾಯಿಯಲ್ಲಿ 2021ರಿಂದ ಅವುಗಳ ಮಾರಾಟವನ್ನೇ ನಿಲ್ಲಿಸಿದ್ದಾರೆ.

ಮುಖ ನೀರಿಗೆ ಇಟ್ಟಾಗ ಮೊದಲು ಕೇಳಿದ್ದು ನನ್ನ ಉಸಿರಿನ ಸದ್ದು. ಆಮೇಲೆ ಕಟಕಟ ಅಂತ ಇನ್ನೊಂದು ಸದ್ದು. ಹಸಿರು ನೀಲಿ ಗಿಳಿಮೀನೊಂದು ಕಲ್ಲನ್ನು ಕಡಿಯುತ್ತಿತ್ತು. ಕಡಿದ ಸುಣ್ಣವನ್ನು ಅದು ಮರಳಾಗಿ ಹೊರಹಾಕುತ್ತೆ. ನಾವು ನಡೆದು ಬಂದ ಬಿಳಿ ಮರಳಲ್ಲಿ ಅದರದ್ದೂ ಪಾಲಿರುತ್ತೆ. ಒಂದು ಕಡೆ ಮುರಿದು ಬೂದು ಬಣ್ಣಕ್ಕೆ ತಿರುಗಿದ ಕೊಂಬೆಗಳ ರಾಶಿ ಇತ್ತು. 2010ರಲ್ಲಿ ಸಮುದ್ರ ಬಿಸಿಯಾಗಿ, ಪಾಚಿ ಕಳೆದುಕೊಂಡು, ಅಂಡಮಾನಿನ ಹವಳ ಬೆಳ್ಳಗಾಗಿ ಬಹಳಷ್ಟು ಸತ್ತುಹೋಗಿದ್ದವು. ಆ ಬೂದು ರಾಶಿಯ ನಡುವೆ ಹೆಬ್ಬೆರಳಿನಷ್ಟು ಹೊಸ ಕೊಂಬೆಯೊಂದು ಎದ್ದಿತ್ತು, ತುದಿ ನಸುನೇರಳೆ.

ಅದನ್ನೇ ನೋಡುತ್ತಾ ಇದ್ದಾಗ ಅಲೆ ಬಂತು. ಬಾಯಿ ತುಂಬ ಉಪ್ಪುನೀರು. ಎದೆ ಧಸಕ್ ಅಂತು. ಕಾಲು ಕೆಳಗೆ ಹೊರಟಿತ್ತು. ನೀರು ಕುತ್ತಿಗೆಮಟ್ಟ ಇದ್ದಿರಬೇಕು, ನಿಂತರೆ ನಿಲ್ಲಬಹುದಿತ್ತು. ನಿಂತಿದ್ದರೆ ಆ ಕೊಂಬೆಯ ಮೇಲೇ. ಕೊಳವೆ ಉಗಿದೆ, ತಿರುಗಿದೆ, ಮೊಣಕಾಲು ಎಳೆದುಕೊಂಡೆ. ಒಂದು ಕೈ ಮೇಲೆತ್ತಿ ಬೀಸಿದೆ. ಗೈಡ್ ಟ್ಯೂಬ್ ತಳ್ಳಿಕೊಂಡು ಬರುವಷ್ಟರಲ್ಲಿ ಕೆಮ್ಮು ನಿಂತಿತ್ತು. ಆಕಾಶ ನೋಡುತ್ತಾ ತೇಲುತ್ತಿದ್ದೆ.

ಅತ್ತ ದಡದ ಕಡೆ ಒಬ್ಬರು ದಪ್ಪ ಹವಳದ ಮೇಲೆ ಹತ್ತಿ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಕೂಗಿ ಹೇಳಿದೆ. ಇಳಿದರು. ಅದಕ್ಕೆ ಜೀವ ಇದೆ ಅಂತ ಅವರಿಗೆ ನಿಜಕ್ಕೂ ಗೊತ್ತಿರಲಿಲ್ಲ. ದಡಕ್ಕೆ ಬಂದ ಮೇಲೆ ಅವರ ಮಗಳು ಹವಳದ ಒಂದು ತುಂಡು ತೋರಿಸಿ, ಮನೆಗೆ ಒಯ್ಯಬಹುದಾ ಅಂತ ಕೇಳಿದಳು. 1972ರ ವನ್ಯಜೀವಿ ಕಾಯ್ದೆಯಲ್ಲಿ ಹವಳಕ್ಕೂ ರಕ್ಷಣೆ ಇದೆ, ಸತ್ತ ತುಂಡನ್ನೂ ಒಯ್ಯುವ ಹಾಗಿಲ್ಲ ಅಂದೆ. ಅವಳೇ ಓಡಿ ಹೋಗಿ ನೀರಿಗೆ ಬಿಟ್ಟು ಬಂದಳು.

ಈಗ ಅತ್ತಿಗೆಯ ಮಗಳು ಕಲಿಯಬೇಕು ಅಂತಿದ್ದಾಳೆ. ಸ್ಪ್ರಿಂಕ್ಲರ್ ಶುರುವಾಗಿ ಕೆರೆ ನೀರು ಇಳಿಯುವ ಮೊದಲೇ ಕರೆದುಕೊಂಡು ಬಾ ಅಂದಿದ್ದಾರೆ ಮಾವ. ಹೆಂಚು ಅಲ್ಲೇ ದಂಡೆಯ ಮೇಲೆ ಜೋಡಿಸಿಟ್ಟಿದೆ. ಅವಳ ಮುಖಕ್ಕೆ ಸರಿಹೋಗುವ ಸಣ್ಣ ಮಾಸ್ಕ್ ಮಾತ್ರ ಇನ್ನೂ ಹುಡುಕುತ್ತಿದ್ದೇನೆ.