ಪೆಟ್ರೋಲ್ ಪಂಪಿಗೆ ಬಂದ ನಮ್ಮ ಕಬ್ಬು

ಹೋದ ಮಳೆಗಾಲದಲ್ಲಿ ನಮ್ಮ ತಂದೆಯವರ ಹಳೆಯ ಮೋಟರ್‌ಸೈಕಲ್ಲು ಮೂರು ತಿಂಗಳು ಅಲುಗಾಡದೆ ದನದ ಕೊಟ್ಟಿಗೆಯ ಮಗ್ಗುಲಲ್ಲಿ ನಿಂತಿತ್ತು. ಅವರ ಮೊಣಕಾಲು ನೋವು ಇಳಿದು, ಹೊಲಕ್ಕೆ ಹೋಗಿಬರುವಷ್ಟು ಸುಧಾರಿಸಿದಾಗ ಎಷ್ಟು ಒದ್ದರೂ ಗಾಡಿ ಚಾಲೂ ಆಗಲಿಲ್ಲ. ಟಂಟಂ ಗಾಡಿಯಲ್ಲಿ ಹೇರಿಕೊಂಡು ಮುಧೋಳಕ್ಕೆ ಒಯ್ದೆ. ಮೆಕ್ಯಾನಿಕ್ ಟ್ಯಾಂಕಿನಲ್ಲಿದ್ದ ಎಣ್ಣೆಯನ್ನೆಲ್ಲ ಒಂದು ಗಾಜಿನ ಬಾಟಲಿಗೆ ಇಳಿಸಿ, ಬಿಸಿಲಿಗೆ ಹಿಡಿದು ತೋರಿಸಿದರು. ಬಾಟಲಿಯೊಳಗೆ ಎರಡು ಪದರಗಳಿದ್ದವು. ಮೇಲಿನದು ತಿಳಿಯಾಗಿತ್ತು, ತಳದ ಎರಡು ಬೆರಳಿನಷ್ಟು ಭಾಗ ಮಬ್ಬಾಗಿತ್ತು.

"ನೋಡ್ರಿ ಸರ, ಮ್ಯಾಲಿಂದು ಪೆಟ್ರೋಲ್, ತಳದಾಗ ನಿಂತದ್ದು ನೀರ ಕುಡದ ಎಥೆನಾಲ್. ಹಾಲ ಒಡದಂಗ ಒಡದೈತ್ರಿ. ಗಾಡಿದೇನೂ ತಪ್ಪಿಲ್ಲ" ಎಂದರು. ಕಾರ್ಬ್ಯುರೇಟರಿನ ಬಟ್ಟಲಲ್ಲಿ ಬಿಳಿ ಪುಡಿ ಕಟ್ಟಿಕೊಂಡಿತ್ತು, ರಬ್ಬರ್ ವಾಷರ್ ಉಬ್ಬಿ ತನ್ನ ಜಾಗದಲ್ಲಿ ಕೂಡದಂತಾಗಿತ್ತು.

ಇಂಥ ಬಾಟಲಿಯನ್ನು ನೋಡಿದವರು, ನಮ್ಮ ಕಬ್ಬಿನಿಂದ ತೆಗೆದು ಪೆಟ್ರೋಲಿಗೆ ಬೆರೆಸುವ ಎಥೆನಾಲ್ ಎಂಬ ಸ್ಪಿರಿಟ್ಟನ್ನೇ ಶಪಿಸುವುದನ್ನು ನಾನು ನಮ್ಮೂರ ಚಹಾದಂಗಡಿಯಲ್ಲಿ ಬಹಳ ಸಲ ಕೇಳಿದ್ದೇನೆ. ನಾಲ್ಕು ಎಕರೆ ಕಬ್ಬು ಬೆಳೆಯುವ, ದಿನವೂ ಬಾಗಲಕೋಟೆಯ ರಸ್ತೆಯಲ್ಲಿ ಓಡಾಡುವ ನನಗೆ ಆ ಶಾಪ ಒಪ್ಪಿಗೆಯಾಗುವುದಿಲ್ಲ. ಹಾಗೆಂದು ಎಥೆನಾಲ್ ಎಲ್ಲಕ್ಕೂ ಮದ್ದು ಎನ್ನುವವರ ಮಾತನ್ನೂ ನಾನು ಪೂರ್ತಿ ಒಪ್ಪುವವನಲ್ಲ. ಒಂದು ಇಂಧನ ಒಳ್ಳೆಯದೋ ಅಲ್ಲವೋ ಎಂಬುದನ್ನು ಅದು ಯಾವುದರಿಂದ ಹುಟ್ಟಿತು ಎಂಬುದನ್ನು ನೋಡಿಯೇ ಹೇಳಬೇಕು ಎಂಬುದು ನನ್ನ ಅಭಿಪ್ರಾಯ.

ನಮ್ಮ ಭಾಗದಲ್ಲಿ ಅದು ಹುಟ್ಟುವ ಬಗೆಯನ್ನು ಮೊದಲು ಹೇಳುತ್ತೇನೆ. ಹಂಗಾಮು ಶುರುವಾದೊಡನೆ ಮುಧೋಳ, ಜಮಖಂಡಿ, ಅಥಣಿ, ಗೋಕಾಕದ ರಸ್ತೆಗಳಲ್ಲಿ ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳ ಸಾಲು ಬೆಳಗಿನ ತನಕ ಮುರಿಯುವುದಿಲ್ಲ. ಕಾರ್ಖಾನೆಯಲ್ಲಿ ಕಬ್ಬನ್ನು ನುರಿಸಿ, ರಸವನ್ನು ಕಾಯಿಸಿ, ಸಕ್ಕರೆಯ ಹರಳುಗಳನ್ನು ಬೇರ್ಪಡಿಸಿದ ಮೇಲೆ ಉಳಿಯುವ ದಪ್ಪನೆಯ ಕರಿಯ ಪಾಕವೇ ಕಾಕಂಬಿ. ಆ ಪಾಕದಿಂದ ಮತ್ತೆ ಮತ್ತೆ ಸಕ್ಕರೆ ತೆಗೆದು, ಇನ್ನು ತೆಗೆದರೆ ಖರ್ಚೇ ಹೆಚ್ಚು ಎನ್ನುವ ಹಂತದಲ್ಲಿ ಉಳಿಯುವುದನ್ನು ಸಿ-ಹೆವಿ ಕಾಕಂಬಿ ಎನ್ನುತ್ತಾರೆ. ಒಂದು ಸುತ್ತು ಮೊದಲೇ ನಿಲ್ಲಿಸಿ, ಸ್ವಲ್ಪ ಸಕ್ಕರೆಯನ್ನು ಅದರಲ್ಲೇ ಬಿಟ್ಟರೆ ಅದು ಬಿ-ಹೆವಿ. ಈ ಕಾಕಂಬಿಗೆ ನೀರು ಬೆರೆಸಿ ಯೀಸ್ಟ್ ಹಾಕಿ ಹುಳಿಸಿ, ಬಟ್ಟಿ ಇಳಿಸಿದಾಗ ನೂರಕ್ಕೆ ತೊಂಬತ್ತೈದರಷ್ಟು ಶುದ್ಧವಾದ ಸ್ಪಿರಿಟ್ ಸಿಗುತ್ತದೆ. ಉಳಿದ ನೀರು ಬಟ್ಟಿಯಿಂದ ಬಿಡುವುದಿಲ್ಲವಾದ್ದರಿಂದ, ನೀರನ್ನಷ್ಟೇ ಹಿಡಿದುಕೊಳ್ಳುವ ಸಣ್ಣ ಸಣ್ಣ ಹರಳುಗಳ ಮೂಲಕ ಅದನ್ನು ಹಾಯಿಸಿ ಒಣಗಿಸುತ್ತಾರೆ. ಇಷ್ಟು ಕಷ್ಟಪಟ್ಟು ಒಣಗಿಸಿದ ಎಥೆನಾಲ್ ಅವಕಾಶ ಸಿಕ್ಕೊಡನೆ ಗಾಳಿಯ ತೇವವನ್ನು ಮತ್ತೆ ಹೀರಿಕೊಳ್ಳುತ್ತದೆ. ನಮ್ಮ ಕೊಟ್ಟಿಗೆಯ ಪಕ್ಕ, ಅರ್ಧ ಖಾಲಿಯಾದ ಟ್ಯಾಂಕಿನೊಳಗೆ ನಡೆದದ್ದು ಇಷ್ಟೇ. ನೀರು ಮಿತಿ ಮೀರಿದಾಗ ಎಥೆನಾಲ್ ಪೆಟ್ರೋಲಿನ ಸಂಗ ಬಿಟ್ಟು ನೀರಿನೊಂದಿಗೆ ತಳಕ್ಕೆ ಇಳಿಯುತ್ತದೆ.

ಅದರ ಗುಣಗಳನ್ನು ಹೇಳುವುದಾದರೆ, ಎಥೆನಾಲಿನ ತೂಕದಲ್ಲಿ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಆಮ್ಲಜನಕವೇ ಇರುವುದರಿಂದ ಎಂಜಿನ್ನಿನಲ್ಲಿ ಅದು ಹೆಚ್ಚು ಪೂರ್ಣವಾಗಿ ಉರಿಯುತ್ತದೆ, ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಕಡಿಮೆಯಾಗುತ್ತದೆ. ಅದರ ಆಕ್ಟೇನ್ ಸಂಖ್ಯೆ ನೂರಕ್ಕಿಂತ ಮೇಲಿದೆ. ಆದ್ದರಿಂದ ಎಂಜಿನ್ ಸುಲಭಕ್ಕೆ 'ನಾಕ್' ಹೊಡೆಯುವುದಿಲ್ಲ, ಅಂದರೆ ಇಂಧನ ಒಳಗೆ ತಾನಾಗಿಯೇ ಹೊತ್ತಿಕೊಂಡು ಟಕಟಕ ಸದ್ದು ಮಾಡುವುದಿಲ್ಲ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ, ಅದು ಕೋಟ್ಯಂತರ ವರ್ಷ ನೆಲದಡಿ ಹುದುಗಿದ್ದ ಇಂಗಾಲ. ಎಥೆನಾಲ್ ಉರಿದರೂ ಇಂಗಾಲ ಹೊರಬರುತ್ತದೆ ನಿಜ, ಆದರೆ ಅದು ಹೋದ ವರ್ಷ ನಮ್ಮ ಕಬ್ಬು ಗಾಳಿಯಿಂದ ಎಳೆದುಕೊಂಡದ್ದು. ಇನ್ನು ದೇಶಕ್ಕೆ ಬೇಕಾದ ಕಚ್ಚಾ ತೈಲದಲ್ಲಿ ನೂರಕ್ಕೆ 85ಕ್ಕಿಂತ ಹೆಚ್ಚನ್ನು ನಾವು ಹೊರಗಿನಿಂದ ತರಿಸುತ್ತೇವೆ. ಬ್ರೆಜಿಲ್ 1973ರ ತೈಲ ಬಿಕ್ಕಟ್ಟಿನ ಪೆಟ್ಟು ತಿಂದು 1975ರಲ್ಲೇ ಕಬ್ಬಿನ ಎಥೆನಾಲಿನತ್ತ ತಿರುಗಿತು. ನಾವು 2018ರ ಜೈವಿಕ ಇಂಧನ ನೀತಿಯ ನಂತರ ವೇಗ ಹಿಡಿದೆವು. 2022ರ ಜೂನ್ ಹೊತ್ತಿಗೆ ನೂರಕ್ಕೆ ಹತ್ತರ ಮಿಶ್ರಣ ಸಾಧ್ಯವಾಯಿತು, 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಇ-20ಕ್ಕೆ, ಅಂದರೆ ನೂರಕ್ಕೆ ಇಪ್ಪತ್ತರಷ್ಟು ಎಥೆನಾಲ್ ಬೆರೆತ ಪೆಟ್ರೋಲಿಗೆ, ಚಾಲನೆ ಸಿಕ್ಕಿತು, ಈಗ ಆ ಇಪ್ಪತ್ತೇ ಸಾಮಾನ್ಯವಾಗಿದೆ.

ಕೊರತೆಯನ್ನೂ ಮುಚ್ಚುಮರೆಯಿಲ್ಲದೆ ಹೇಳಬೇಕು. ಒಂದು ಲೀಟರ್ ಎಥೆನಾಲಿನಲ್ಲಿರುವ ಶಕ್ತಿ ಪೆಟ್ರೋಲಿನದರ ಮೂರನೆಯ ಎರಡು ಭಾಗ ಮಾತ್ರ. ಇ-20ಗಾಗಿ ತಯಾರಾಗದ ಹಳೆಯ ಕಾರುಗಳಲ್ಲಿ ಮೈಲೇಜು ನೂರಕ್ಕೆ ಆರೇಳರಷ್ಟು, ದ್ವಿಚಕ್ರಗಳಲ್ಲಿ ಮೂರು ನಾಲ್ಕರಷ್ಟು ಇಳಿಯಬಹುದೆಂದು ನೀತಿ ಆಯೋಗದ 2021ರ ವರದಿಯೇ ಹೇಳಿತ್ತು. ಹಳೆಯ ಗಾಡಿಯ ರಬ್ಬರ್ ನಳಿಕೆ, ವಾಷರುಗಳನ್ನು ಬದಲಿಸಬೇಕು. ಬಹಳ ದಿನ ನಿಲ್ಲಿಸುವುದಿದ್ದರೆ ಟ್ಯಾಂಕನ್ನು ಕಂಠಮಟ್ಟ ತುಂಬಿಸಿಡಬೇಕು, ಇಲ್ಲವೇ ಪೂರ್ತಿ ಖಾಲಿ ಮಾಡಬೇಕು. ಈ ಎರಡು ಮಾತುಗಳನ್ನು ಪಂಪಿನಲ್ಲಿ ಒಂದು ಫಲಕದ ಮೇಲೆ ಕನ್ನಡದಲ್ಲಿ ಬರೆದು ಹಾಕಿದ್ದರೆ ನಮ್ಮಂಥವರ ಎಷ್ಟೋ ಗಾಡಿಗಳು ಉಳಿಯುತ್ತಿದ್ದವು.

ನನಗೆ ಇದಕ್ಕಿಂತ ದೊಡ್ಡ ಚಿಂತೆ ನೀರಿನದು. ಕಬ್ಬಿನಿಂದ ಒಂದು ಲೀಟರ್ ಎಥೆನಾಲ್ ತೆಗೆಯಲು 2,800 ಲೀಟರಿಗೂ ಹೆಚ್ಚು ನೀರು ಬೇಕೆಂದು ಅದೇ ವರದಿ ಲೆಕ್ಕ ಹಾಕಿದೆ. ಘಟಪ್ರಭೆಯ ದಂಡೆಯಲ್ಲಿದ್ದೂ ಬೇಸಿಗೆಯಲ್ಲಿ ಬೋರ್‌ವೆಲ್ಲಿನ ಮೋಟಾರು ಬರೀ ಗಾಳಿ ಎಳೆಯುವುದನ್ನು ಕೇಳಿದವನಿಗೆ ಆ ಅಂಕಿಯನ್ನು ದಾಟಿ ಮುಂದೆ ಹೋಗಲು ಮನಸ್ಸು ಬರುವುದಿಲ್ಲ. ಇಲ್ಲಿಯೇ ನಾನು ರಸ ಮತ್ತು ಕಾಕಂಬಿಯ ನಡುವೆ ಗೆರೆ ಎಳೆಯುತ್ತೇನೆ. ಒಂದು ಟನ್ ಕಬ್ಬಿನ ರಸವನ್ನು ನೇರವಾಗಿ ಹುಳಿಸಿದರೆ ಸುಮಾರು 70 ಲೀಟರ್ ಎಥೆನಾಲ್ ಬರುತ್ತದೆ, ಸಕ್ಕರೆ ಬರುವುದಿಲ್ಲ. ಅದೇ ಕಬ್ಬಿನಿಂದ ಕ್ವಿಂಟಲಿನಷ್ಟು ಸಕ್ಕರೆ ತೆಗೆದು, ಉಳಿದ ಸಿ-ಹೆವಿ ಕಾಕಂಬಿಯಿಂದ ಹತ್ತು ಹನ್ನೊಂದು ಲೀಟರ್ ತೆಗೆದರೆ, ಆ ಎಥೆನಾಲಿಗಾಗಿ ಹೊಲಕ್ಕೆ ಬೇರೆ ಒಂದು ಹನಿ ನೀರೂ ಬಿಟ್ಟಿಲ್ಲ. 2023ರಲ್ಲಿ ಮಳೆ ಕೈಕೊಟ್ಟಾಗ ಕೇಂದ್ರ ಸರ್ಕಾರ ಡಿಸೆಂಬರಿನಲ್ಲಿ ರಸದ ಎಥೆನಾಲಿಗೆ ತಡೆ ಹಾಕಬೇಕಾಗಿ ಬಂದದ್ದು ಇದೇ ಕಾರಣಕ್ಕೆ: ಸಕ್ಕರೆ ಸಾಲದೆ ಬರುವ ಭಯವಿತ್ತು. ಆದರೆ 2024-25ರ ಸಾಲಿನ ದರ ನೋಡಿದರೆ ಸಿ-ಹೆವಿ ಎಥೆನಾಲಿಗೆ ಲೀಟರಿಗೆ 57.97 ರೂಪಾಯಿ, ರಸದ್ದಕ್ಕೆ 65.61 ರೂಪಾಯಿ. ಉಳಿಕೆಯಿಂದ ತೆಗೆದುದಕ್ಕೆ ಕಡಿಮೆ ದರವಿದ್ದರೆ ಕಾರ್ಖಾನೆ ರಸದ ಕಡೆಗೆ ವಾಲುವುದು ಸಹಜ. ಈ ಅಂತರ ಕಡಿಮೆಯಾಗಬೇಕೆಂದು ಕಬ್ಬು ಬೆಳೆಯುವವನಾಗಿಯೇ ನಾನು ಹೇಳುತ್ತೇನೆ.

ಉಳಿಕೆಯ ಮಾತು ಬಂದಾಗ ಪ್ರೆಸ್‌ಮಡ್ಡನ್ನು ಬಿಡುವಂತಿಲ್ಲ. ರಸವನ್ನು ಸೋಸಿದಾಗ ಉಳಿಯುವ ಈ ಕಪ್ಪು ಮೆತ್ತನೆಯ ಮಣ್ಣನ್ನು ನಾವು ಇದುವರೆಗೆ ಟ್ರಾಲಿಗಟ್ಟಲೆ ತಂದು ಹೊಲಕ್ಕೆ ಹಾಕುತ್ತಿದ್ದೆವು. ಹೊಸದಾಗಿ ತಂದ ರಾಶಿಯೊಳಗೆ ಕೈ ಇಟ್ಟರೆ ಸುಡುವಷ್ಟು ಬಿಸಿ ಇರುತ್ತದೆ. ಅದನ್ನು ಮುಚ್ಚಿದ ತೊಟ್ಟಿಯಲ್ಲಿ ಕೊಳೆಸಿದರೆ ಗೋಬರ್ ಗ್ಯಾಸಿನಂಥದೇ ಅನಿಲ ಬರುತ್ತದೆ. ಅದರಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಮೀಥೇನ್. ಉಳಿದುದನ್ನು ತೆಗೆದು ನೂರಕ್ಕೆ ತೊಂಬತ್ತಕ್ಕಿಂತ ಶುದ್ಧ ಮಾಡಿ ಒತ್ತಿ ತುಂಬಿದರೆ ಸಿಎನ್‌ಜಿ ಗಾಡಿಗೆ ಏನೂ ಬದಲಾವಣೆಯಿಲ್ಲದೆ ನಡೆಯುತ್ತದೆ. ಸುಮಾರು 25 ಟನ್ ಪ್ರೆಸ್‌ಮಡ್ಡಿನಿಂದ ಒಂದು ಟನ್ ಅನಿಲ ಸಿಗುತ್ತದೆ, ಮತ್ತು ಅನಿಲ ತೆಗೆದ ಮೇಲೂ ಅದು ಗೊಬ್ಬರವಾಗಿಯೇ ಉಳಿಯುತ್ತದೆ. ದಿನಕ್ಕೆ ಐದು ಸಾವಿರ ಟನ್ ನುರಿಸುವ ಒಂದು ಕಾರ್ಖಾನೆಯ ಪ್ರೆಸ್‌ಮಡ್ಡಿನಿಂದ ದಿನವೂ ಆರು ಟನ್ ಅನಿಲ ತೆಗೆಯಬಹುದು ಎಂದರೆ, ಕಬ್ಬು ತರುವ ಗಾಡಿಗಳೇ ಕಬ್ಬಿನ ಅನಿಲದಿಂದ ಓಡುವುದು ಕನಸಿನ ಮಾತಲ್ಲ. ಬಟ್ಟಿಯಿಂದ ಉಳಿಯುವ ಸ್ಪೆಂಟ್ ವಾಶ್ ಎಂಬ ಕೊಳೆನೀರಿನ ವಿಷಯದಲ್ಲಿ ಮಾತ್ರ ಕಟ್ಟುನಿಟ್ಟು ಬೇಕು. ಲೀಟರ್ ಎಥೆನಾಲಿಗೆ ಹತ್ತು ಲೀಟರಿನಷ್ಟು ಬರುವ ಅದು ಹಳ್ಳ ಸೇರಿದರೆ ಮೀನು ಉಳಿಯುವುದಿಲ್ಲ. ಅದನ್ನು ಇಂಗಿಸಿ ಗಟ್ಟಿ ಮಾಡಿ ಬಾಯ್ಲರಿನಲ್ಲಿ ಉರಿಸಿದರೆ ಬೂದಿಯಲ್ಲಿ ಪೊಟ್ಯಾಶ್ ಸಿಗುತ್ತದೆ.

ಡೀಸೆಲ್ಲಿನ ವಿಷಯದಲ್ಲಿ ನಮ್ಮವರಿಗೆ ಹೇಳಲೇಬೇಕಾದ ಒಂದು ಸಂಗತಿಯಿದೆ: 1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಒಂದು ಡೀಸೆಲ್ ಎಂಜಿನ್ನನ್ನು ಶೇಂಗಾ ಎಣ್ಣೆಯಿಂದ ಓಡಿಸಿ ತೋರಿಸಲಾಗಿತ್ತು. ಶೇಂಗಾ ತಿನ್ನುವ ವಸ್ತು, ಅದನ್ನು ಟ್ಯಾಂಕಿಗೆ ಸುರಿಯುವುದು ತಪ್ಪು. ಆದರೆ ಬದುವಿನ ಹೊಂಗೆಯ ಬೀಜವನ್ನು ಆಡೂ ಮುಟ್ಟುವುದಿಲ್ಲ. ಅದರ ಎಣ್ಣೆಗೆ ಮೆಥನಾಲ್ ಮತ್ತು ಸ್ವಲ್ಪ ಕಾಸ್ಟಿಕ್ ಸೋಡಾ ಬೆರೆಸಿ ಕಾಯಿಸಿದರೆ ಗ್ಲಿಸರಿನ್ ಕೆಳಗಿಳಿದು ಬಯೋಡೀಸೆಲ್ ಮೇಲೆ ನಿಲ್ಲುತ್ತದೆ. ಬೀಜ ಆರಿಸುವ ಕೂಲಿ ಹುಟ್ಟದಿರುವುದೇ ಅದರ ತೊಡಕು.

ದಿನದ ಓಡಾಟಕ್ಕೆ ನಾನು ಈಗ ಬಳಸುತ್ತಿರುವುದು ವಿದ್ಯುತ್ ಸ್ಕೂಟರು. ಅದನ್ನು ತಂದ ದಿನ ನಮ್ಮ ಅಳಿಯ, "ಮಾವಾ, ಪ್ಲಗ್ಗಿನಿಂದ ಬರೋದೂ ಕೂಡಗಿ ಕಲ್ಲಿದ್ದಲೇ ಅಲ್ಲೇನ್ರಿ?" ಎಂದು ಕೇಳಿದ. ಸರಿಯಾದ ಪ್ರಶ್ನೆ. ವಿಜಯಪುರ ಜಿಲ್ಲೆಯ ಕೂಡಗಿಯಲ್ಲಿ 2,400 ಮೆಗಾವ್ಯಾಟಿನ ಕಲ್ಲಿದ್ದಲ ಸ್ಥಾವರವಿದೆ. ಅದಕ್ಕೆ ಅನತಿ ದೂರದಲ್ಲೇ ಆಲಮಟ್ಟಿಯಲ್ಲಿ ಕೃಷ್ಣೆಯ ನೀರಿನಿಂದ 290 ಮೆಗಾವ್ಯಾಟ್ ತೆಗೆಯುವ ವಿದ್ಯುದಾಗಾರವಿದೆ. ನಾನು ಕೆಟ್ಟದ್ದನ್ನೇ ಹಿಡಿದು ಅವನೆದುರೇ ಲೆಕ್ಕ ಮಾಡಿದೆ. ಪೂರ್ತಿ ಕಲ್ಲಿದ್ದಲಿನದೇ ಎಂದುಕೊಂಡರೂ, ತಂತಿಯಲ್ಲಿ ಸೋರುವುದನ್ನೂ ಸೇರಿಸಿದರೆ ಒಂದು ಯೂನಿಟ್ಟಿಗೆ ಒಂದು ಕಿಲೋ ಇನ್ನೂರು ಗ್ರಾಂ ಇಂಗಾಲದ ಡೈಆಕ್ಸೈಡ್. ಸ್ಕೂಟರು ಒಂದು ಯೂನಿಟ್ಟಿಗೆ ಮೂವತ್ತು ಕಿಲೋಮೀಟರ್ ಓಡುತ್ತದೆ. ಕಿಲೋಮೀಟರಿಗೆ ನಲವತ್ತು ಗ್ರಾಂ ಆಯಿತು. ಲೀಟರಿಗೆ 45 ಕೊಡುವ ಪೆಟ್ರೋಲ್ ಸ್ಕೂಟರಿನದು ಐವತ್ತರ ಮೇಲೆ. ವಿದ್ಯುತ್ ಮೋಟಾರು ತನಗೆ ಕೊಟ್ಟ ಶಕ್ತಿಯಲ್ಲಿ ನೂರಕ್ಕೆ 85ರಷ್ಟನ್ನು ಚಕ್ರಕ್ಕೆ ದಾಟಿಸುತ್ತದೆ, ಪೆಟ್ರೋಲ್ ಎಂಜಿನ್ ಕಾಲು ಭಾಗವನ್ನು ದಾಟಿಸಿ ಉಳಿದದ್ದನ್ನು ಕಾವಾಗಿ ಕಳೆದುಕೊಳ್ಳುತ್ತದೆ. ವ್ಯತ್ಯಾಸ ಹುಟ್ಟುವುದೇ ಅಲ್ಲಿ. ಆಲಮಟ್ಟಿ ತುಂಬಿದ ತಿಂಗಳುಗಳಲ್ಲಿ, ಮನೆಯ ಮಾಳಿಗೆಯ ಮೇಲೆ ಸೋಲಾರ್ ಫಲಕವಿದ್ದರೆ ವರ್ಷವಿಡೀ, ಆ ನಲವತ್ತು ಇನ್ನೂ ಇಳಿಯುತ್ತದೆ. ಖರ್ಚಿನಲ್ಲಂತೂ ಕಿಲೋಮೀಟರಿಗೆ ಎರಡು ರೂಪಾಯಿಯ ಜಾಗದಲ್ಲಿ ಇಪ್ಪತ್ತು ಪೈಸೆ. ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಓಡಿಸಿ ತಂದೊಡನೆ ಚಾರ್ಜಿಗೆ ಹಾಕದೆ, ನೆರಳಿನಲ್ಲಿ ಒಂದು ತಾಸು ಆರಲು ಬಿಡುತ್ತೇನೆ. ಬ್ಯಾಟರಿಗೆ ಕಾವೇ ದೊಡ್ಡ ವೈರಿ. ಎರಡು ಟ್ರೇಲರ್ ಕಬ್ಬು ಎಳೆಯುವ ಕೆಲಸ ಬ್ಯಾಟರಿಗೆ ಇನ್ನೂ ಭಾರವೇ. ಅಲ್ಲಿ ಪ್ರೆಸ್‌ಮಡ್ಡಿನ ಅನಿಲದ ಮೇಲೆಯೇ ನನ್ನ ಭರವಸೆ. ಜಲಜನಕದಿಂದ ಓಡುವ ಗಾಡಿ ನಮ್ಮ ರಸ್ತೆಗೆ ಬರಲು ಬಹಳ ಹೊತ್ತಿದೆ.

ಎಥೆನಾಲಿನ ಇಂಗಾಲದ ಲೆಕ್ಕದಲ್ಲಿ ನಮ್ಮ ಪಾಲಿನ ಒಂದು ಸಾಲವೂ ಇದೆ. ಕಟಾವಾದ ಮೇಲೆ ಹೊಲದಲ್ಲಿ ಬಿದ್ದ ರವದಿಗೆ, ಅಂದರೆ ಕಬ್ಬಿನ ಒಣ ಗರಿಗಳಿಗೆ, ನಾವೆಲ್ಲ ಬೆಂಕಿ ಹಚ್ಚುತ್ತ ಬಂದವರು. ಆ ಸಂಜೆಗಳಲ್ಲಿ ಕರಿಯ ಬೂದಿ ಅಂಗಳದ ರಂಗೋಲಿಯ ಮೇಲೂ ಬೀಳುತ್ತಿತ್ತು. ಈ ಸಲ ತಂದೆಯವರನ್ನು ಒಪ್ಪಿಸಿ ರವದಿಯನ್ನು ಸಾಲು ಬಿಟ್ಟು ಸಾಲು ಹಾಸಿ, ಮೇಲೆ ಪ್ರೆಸ್‌ಮಡ್ ಎರಚಿದ್ದೇವೆ. ಮೊನ್ನೆ ಅವರು ರಿಪೇರಿಯಾದ ಮೋಟರ್‌ಸೈಕಲ್ಲಿನಲ್ಲಿ ಹೊಲಕ್ಕೆ ಬಂದು, ಹಾಸಿನ ಕೆಳಗೆ ಕೈ ತೂರಿಸಿ, ನೀರು ಬಿಟ್ಟು ಹನ್ನೆರಡು ದಿನವಾದರೂ ಮಣ್ಣು ಹಸಿಯಾಗಿಯೇ ಇರುವುದನ್ನು ನನಗೆ ಮುಟ್ಟಿ ನೋಡಲು ಹೇಳಿದರು.