ಹೇಮಕೂಟದ ಸಂಜೆಗಳು: ಡಿಸೆಂಬರ್‌ನಿಂದ ಮಾರ್ಚ್‌ವರೆಗೆ

ಒಂದೇ ಜಾಗ, ಒಂದೇ ಹೊತ್ತು, ಬೇರೆ ಬೇರೆ ತಿಂಗಳು. ಹಂಪಿಯ ಹೇಮಕೂಟ ಬೆಟ್ಟದ ಬಂಡೆ ಮೇಲೆ ಕೂತು ವಿರೂಪಾಕ್ಷ ದೇವಸ್ಥಾನದ ದೊಡ್ಡ ಗೋಪುರವನ್ನು ಜಲವರ್ಣದಲ್ಲಿ ಬರೆಯುವ ಕೆಲಸ ಡಿಸೆಂಬರ್‌ನಲ್ಲಿ ಶುರುವಾಯಿತು. ಈಗ ಮಾರ್ಚ್ ಕೊನೆ. ಇಲ್ಲಿಯವರೆಗೆ ಕಂಡದ್ದನ್ನು ಬರೆದಿಡುತ್ತಿದ್ದೇನೆ.

ಮೊದಲು ಸಮಯದ ವಿಷಯ. ಸಂಜೆ ಚಿತ್ರಕ್ಕೆ ಎಷ್ಟು ಹೊತ್ತು ಸಿಗುತ್ತದೆ ಅನ್ನುವುದನ್ನು ಊರಿನ ಅಕ್ಷಾಂಶ ಹೇಳುತ್ತದೆ. ಹಂಪಿ ಇರುವುದು 15 ಡಿಗ್ರಿ ಉತ್ತರದಲ್ಲಿ. ಇಲ್ಲಿ ಸೂರ್ಯ ಹೆಚ್ಚು ಕಡಿಮೆ ನೆಟ್ಟಗೆ ಇಳಿಯುತ್ತಾನೆ. ದಿಗಂತದ ಮೇಲಿನ ಕೊನೆಯ 10 ಡಿಗ್ರಿ ಇಳಿಯಲು ಸುಮಾರು ಮುಕ್ಕಾಲು ಗಂಟೆ ಸಾಕು. ಫ್ರೆಂಚ್ ಚಿತ್ರಕಾರ ಕ್ಲೋಡ್ ಮೋನೆ 1890–91ರಲ್ಲಿ ಬಣವೆಗಳನ್ನು ಬರೆದ ಫ್ರಾನ್ಸ್‌ನ ಜಿವೆರ್ನಿ 49 ಡಿಗ್ರಿಯಲ್ಲಿದೆ. ಅಲ್ಲಿ ಸೂರ್ಯ ಓರೆಯಾಗಿ ಜಾರುವುದರಿಂದ ಅಷ್ಟಕ್ಕೇ ಒಂದು ಗಂಟೆಗಿಂತ ಜಾಸ್ತಿ ಬೇಕು. ಆದರೂ ಬೆಳಕು ಬದಲಾದ ಹಾಗೆಲ್ಲ ಮೋನೆ ಕ್ಯಾನ್ವಾಸ್ ಬದಲಿಸುತ್ತಿದ್ದರು. ಹಾಗಿರುವಾಗ ಯುರೋಪಿನವರ ವಿಡಿಯೋ ನೋಡಿ ಅದೇ ನಿಧಾನದಲ್ಲಿ ಇಲ್ಲಿ ಬರೆಯುವುದು ಆಗದ ಮಾತು, ಅಲ್ವಾ?

ಅದಕ್ಕೇ ನಾನು ನೆರಳಿನಿಂದ ಶುರು ಮಾಡುತ್ತೇನೆ. ಸೂರ್ಯ 10 ಡಿಗ್ರಿ ಎತ್ತರದಲ್ಲಿದ್ದಾಗ ಮಂಟಪದ ಕಂಬದ ನೆರಳು ಕಂಬದ ಐದೂವರೆ ಪಟ್ಟಿಗಿಂತ ಉದ್ದ. 5 ಡಿಗ್ರಿಗೆ ಇಳಿಯುವಷ್ಟರಲ್ಲಿ ಹನ್ನೊಂದು ಪಟ್ಟು ದಾಟಿರುತ್ತದೆ. ನಡುವೆ ಇರುವುದು ಇಪ್ಪತ್ತು ನಿಮಿಷ ಚಿಲ್ಲರೆ. ಪೆನ್ಸಿಲ್ ಗೆರೆ ಬೆಳಕು ಬಿಳಿಯಾಗಿದ್ದಾಗಲೇ ಮುಗಿದಿರಬೇಕು. ಬಂಡೆಗೆ ಹಳದಿ ಹತ್ತಿದ ತಕ್ಷಣ ನೆರಳುಗಳ ಆಕಾರವನ್ನು ನೀರು ಬೆರೆಸಿದ ತೆಳು ಬಣ್ಣದ ಒಂದೇ ವಾಶ್‌ನಲ್ಲಿ ಹಾಕಿಬಿಡುತ್ತೇನೆ. ಆಮೇಲೆ ಅವು ಎಷ್ಟೇ ಉದ್ದವಾಗಲಿ, ಕಾಗದದ ಮೇಲಿನದನ್ನು ಮುಟ್ಟುವುದಿಲ್ಲ. ಆಕಾಶ ಕೊನೆಗೆ. ಅದರ ಒಳ್ಳೆಯ ಬಣ್ಣ ಬರುವುದೇ ಸೂರ್ಯ ಮುಳುಗಿದ ಮೇಲೆ.

ನೆರಳಿನ ಬಣ್ಣ ನನಗೆ ತುಂಬಾ ಇಷ್ಟವಾದ ಭಾಗ. ನೇರ ಬಿಸಿಲು ಬೀಳದ ಕಡೆ ಬಂಡೆಗೆ ಬೆಳಕು ಕೊಡುವುದು ನೀಲಿ ಆಕಾಶ. ಹಾಗಾಗಿ ಹಂಪಿಯ ಬೂದುಗೆಂಪು ಕಲ್ಲು ನೆರಳಲ್ಲಿ ನೇರಳೆಗೆ ತಿರುಗುತ್ತದೆ. ಅದೇ ನೆರಳಿನ ಒಳಗೆ, ಪಕ್ಕದ ಬಂಡೆಯಿಂದ ಚಿಮ್ಮಿದ ಬಿಸಿಲು ಬಿದ್ದ ಜಾಗ ಮಾತ್ರ ಬೆಚ್ಚಗಿರುತ್ತದೆ. ಅಲ್ಟ್ರಾಮರೀನ್ ಅನ್ನುವ ನೀಲಿ ಮತ್ತು ಬರ್ನ್ಟ್ ಸಿಯೆನಾ ಅನ್ನುವ ಕೆಂಗಂದು, ಇವೆರಡೇ ಸಾಕು. ನೀಲಿ ಹೆಚ್ಚಿಸಿದರೆ ಆಕಾಶದ ಕಡೆಯ ನೆರಳು, ಸಿಯೆನಾ ಹೆಚ್ಚಿಸಿದರೆ ಬಂಡೆಯ ಕಡೆಯದು. ಪ್ಯಾಲೆಟ್‌ನಲ್ಲಿ ಪೂರ್ತಿ ಕಲಸದೆ ಕಾಗದದ ಮೇಲೆ ಸೇರಲು ಬಿಟ್ಟರೆ ಇನ್ನೂ ಚೆಂದ. ಬಿಸಿಲು ಬಿದ್ದ ಮುಖಕ್ಕೆ ತೆಳು ಯೆಲ್ಲೋ ಓಕರ್ (ಮಣ್ಣಿನ ಹಳದಿ), ಅಷ್ಟೇ.

ಕಾಗದ ಯಾವಾಗಲೂ ನನ್ನ ನೆರಳಲ್ಲೇ ಇರಬೇಕು. ಸಂಜೆ ಬಿಸಿಲು ಅದರ ಮೇಲೆ ಬಿದ್ದರೆ ಕಾಗದವೇ ಹಳದಿಯಾಗುತ್ತದೆ. ಆಗ ಹಾಕಿದ ಹಳದಿ ಕಡಿಮೆ ಅನಿಸಿ, ಕೈ ಇನ್ನಷ್ಟು ಹಾಕಲು ಹೋಗುತ್ತದೆ. ಕತ್ತಲಾಗುವಾಗ ಕಣ್ಣೂ ಬದಲಾಗುತ್ತದೆ. ಮಂದ ಬೆಳಕಿನಲ್ಲಿ ಕೆಂಪು ಕಪ್ಪಾಗಿ ಕಾಣುತ್ತದೆ, ನೀಲಿ ಎದ್ದು ಕಾಣುತ್ತದೆ. ಆ ಹೊತ್ತಿಗೆ ಕೆಂಪು ಮುಟ್ಟಲೇಬಾರದು. ಒಣ ಹವೆಯ ಬಗ್ಗೆ ಜಾಸ್ತಿ ಹೇಳುವುದಿಲ್ಲ: ಮಾರ್ಚ್‌ನಲ್ಲಿ ವಾಶ್ ನೋಡನೋಡುತ್ತಲೇ ಒಣಗುತ್ತದೆ, ಕಾಗದದ ಹಿಂಭಾಗವನ್ನೂ ಒದ್ದೆ ಮಾಡಿಕೊಳ್ಳಿ.

ಚಿತ್ರಗಳನ್ನೆಲ್ಲ ಸಾಲಾಗಿ ಇಟ್ಟಾಗ ನಿಜವಾಗಿ ಖುಷಿ ಕೊಟ್ಟದ್ದು ಬೇರೆಯೇ. ಡಿಸೆಂಬರ್ ಕೊನೆಯಲ್ಲಿ ಸೂರ್ಯ ನೇರ ಪಶ್ಚಿಮದಿಂದ ಸುಮಾರು 24 ಡಿಗ್ರಿ ದಕ್ಷಿಣಕ್ಕೆ ಸರಿದು ಮುಳುಗುತ್ತಾನೆ. ಆಗ ಗೋಪುರದ ದಕ್ಷಿಣ ಮುಖ, ಅಂದರೆ ಹೇಮಕೂಟದ ಕಡೆಗಿರುವುದು, ಕೊನೆವರೆಗೂ ಬೆಳಗುತ್ತಿರುತ್ತದೆ. ಮಾರ್ಚ್ ಹೊತ್ತಿಗೆ ಸೂರ್ಯ ನೇರ ಪಶ್ಚಿಮಕ್ಕೆ ಬಂದಿದ್ದಾನೆ. ಬಿಸಿಲು ಆ ಮುಖವನ್ನು ಸವರಿಕೊಂಡು ಹೋಗುತ್ತದೆ. ಅಂತಸ್ತುಗಳ ಸಣ್ಣ ಸಣ್ಣ ಶಿಲ್ಪಗಳೆಲ್ಲ ಒಂದೊಂದು ನೆರಳು ಚಾಚುತ್ತವೆ. ಡಿಸೆಂಬರ್ ಚಿತ್ರದಲ್ಲಿ ಗೋಪುರ ಕೆನೆ ಬಣ್ಣದ ಒಂದು ಚಪ್ಪಟೆ ಆಕಾರ. ಮಾರ್ಚ್‌ನದರಲ್ಲಿ ಅದು ಪೂರ್ತಿ ಒರಟು. ನನಗೆ ಮಾರ್ಚ್‌ನದೇ ಹೆಚ್ಚು ಇಷ್ಟ.

ಮೇ ತಿಂಗಳಲ್ಲಿ ಸೂರ್ಯ ಉತ್ತರಕ್ಕೆ ದಾಟಿರುತ್ತಾನೆ, ಮುಳುಗುವ ಹೊತ್ತಿಗೆ ಈ ಮುಖ ಪೂರ್ತಿ ನೆರಳಾಗಿರುತ್ತದೆ. ಅದನ್ನೂ ಇದೇ ಬಂಡೆಯಿಂದ ಬರೆಯಬೇಕು. ಅದರ ಮೊದಲು ಏಪ್ರಿಲ್‌ನಲ್ಲಿ ಮಾತಂಗ ಬೆಟ್ಟ. ಅಲ್ಲಿಂದ ಪಶ್ಚಿಮಕ್ಕೆ ನೋಡಿದರೆ ಬಜಾರ್ ಬೀದಿಯ ತುದಿಯಲ್ಲಿ ಗೋಪುರ, ಅದರ ಬೆನ್ನಿಗೆ ಬೆಳಕು. ಇಳಿಯುವ ದಾರಿ ಕಡಿದಾಗಿದೆ. ಹಾಗಾಗಿ ಕಾಗದ ಚಿಕ್ಕದು, ಬ್ರಷ್ ದೊಡ್ಡದು, ಜೇಬಲ್ಲಿ ಟಾರ್ಚ್.